ಮೂವತ್ತೈದರಲ್ಲೊಂದು ಪಾಲಿನ ವ್ಯಾಘ್ರನೊಡನೆ

ಎರಡನೆಯ ಮಹಾಯುದ್ಧದಲ್ಲಿ ಟೈಗರ್ ಎಂಬ ಅಭಿಧಾನದಿಂದ ಪ್ರಖ್ಯಾತವಾದ ಜರ್ಮನ್ ಟ್ಯಾಂಕಿನ ಕೀರ್ತಿಯನ್ನು ಯುದ್ಧೇತಿಹಾಸದ ವಾಚಕರೆಲ್ಲರೂ ಬಲ್ಲರು. ಆದರೆ ಐವತ್ತೇಳು ಟನ್ನು ತೂಗುತ್ತಿದ್ದ ಆ ಉಕ್ಕಿನ ಮೃಗವು ಈಗ ದೇಶದೇಶಗಳ ಸದ್ಗೃಹಸ್ಥರ ಮೇಜುಗಳ ಮೇಲೆ, ಗೇಣುದ್ದದ ಪ್ಲಾಸ್ಟಿಕ್ ವಿಗ್ರಹವಾಗಿ, ಅಂಟು ಮತ್ತು ಥಿನ್ನರುಗಳ ಸುಗಂಧದ ನಡುವೆ ಪುನರವತರಿಸುತ್ತಿರುವ ಸಂಗತಿಯು ಇತಿಹಾಸಕಾರರ ಗಮನಕ್ಕೆ ಅಷ್ಟಾಗಿ ಬಂದಂತಿಲ್ಲ. ಬಣ್ಣವಿನ್ನೂ ಪೂರ್ತಿ ಆರದಿದ್ದ ಅಂಥದೊಂದು ಟೈಗರನ್ನು, ಅದರ ನಿರ್ಮಾತೃವು ಮನೆಯವರು ಮೂರನೆಯ ಬಾರಿ ಕೂಗಿದಮೇಲೆ ಊಟಕ್ಕೆದ್ದು ಹೋದ ಸಮಯವನ್ನು ನೋಡಿ, ನಾವು ಸಂದರ್ಶಿಸಿದೆವು.

ಪ್ರಶ್ನೆ: ತಮ್ಮ ಜನ್ಮವೃತ್ತಾಂತವನ್ನು ವಾಚಕರಿಗೆ ತಿಳಿಸಬಹುದೇ?

ಟೈಗರ್: ಎರಡು ಬಾರಿ ಹುಟ್ಟಿದವನಾದ್ದರಿಂದ ನನ್ನನ್ನು ದ್ವಿಜನೆಂದು ಕರೆಯಲಡ್ಡಿಯಿಲ್ಲ. ಮೊದಲನೆಯ ಜನ್ಮ 1942 ರಲ್ಲಿ, ಜರ್ಮನಿಯ ಕಾಸೆಲ್ ನಗರದ ಹೆನ್‌ಶೆಲ್ ಕಾರ್ಖಾನೆಯಲ್ಲಿ. ಎರಡನೆಯದು ಜಪಾನಿನ ಶಿಜುವೊಕಾದಲ್ಲಿ, 1946 ರಲ್ಲಿ ಮರದ ವ್ಯಾಪಾರದಿಂದ ಪ್ರಾರಂಭವಾಗಿ, ಮರದ ಮಾದರಿಗಳ ಮೂಲಕ ಪ್ಲಾಸ್ಟಿಕ್ಕಿಗೆ ಬಂದ ತಮಿಯಾ ಸಂಸ್ಥೆಯ ಉಕ್ಕಿನ ಅಚ್ಚುಗಳಲ್ಲಿ. ಕಾಸೆಲ್ಲಿನ ಆ ಕಾರ್ಖಾನೆಯಲ್ಲಿ ಪರದೇಶಗಳಿಂದ ಬಲಾತ್ಕಾರವಾಗಿ ಹಿಡಿದು ತಂದವರನ್ನೂ ದುಡಿಸಿಕೊಳ್ಳುತ್ತಿದ್ದರು. ಈಗಲಾದರೋ, ನನ್ನನ್ನು ಜೋಡಿಸುವವನು ಅಂಗಡಿಯಲ್ಲಿ ತಾನೇ ಹಣ ತೆತ್ತು, ರಾತ್ರಿಯೆಲ್ಲ ನಿದ್ದೆಗೆಟ್ಟು, ಸಂತೋಷದಿಂದ ದುಡಿಯುತ್ತಾನೆ. ನಾಗರಿಕತೆಯು ಮುಂದುವರಿದಿಲ್ಲವೆಂದು ಯಾರು ಹೇಳಬಲ್ಲರು?

ಪ್ರಶ್ನೆ: ತಮ್ಮನ್ನು ಸರಿಯಾಗಿ ಮೂವತ್ತೈದರಲ್ಲೊಂದು ಪಾಲಿಗೆ ಕುಗ್ಗಿಸಿರುವುದರಲ್ಲಿ ಗಣಿತಶಾಸ್ತ್ರದ ಯಾವುದೋ ಗೂಢತತ್ತ್ವವಿರಬೇಕಲ್ಲವೇ?

ಟೈಗರ್: ಭಕ್ತರು ಹಾಗೆಂದೇ ನಂಬಿದ್ದಾರೆ, ತತ್ತ್ವವೇನೂ ಇಲ್ಲ, ಸ್ವಾಮಿ. ಅರುವತ್ತರ ದಶಕದ ಆರಂಭದಲ್ಲಿ ತಮಿಯಾದವರು ನನ್ನ ದಾಯಾದಿಯಾದ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಮಾಡಹೊರಟಾಗ, ಅದು ತಾನಾಗಿ ಓಡಲೆಂದು ಹೊಟ್ಟೆಯೊಳಗೆ ಒಂದು ಮೋಟಾರನ್ನೂ ಬ್ಯಾಟರಿ ಸೆಲ್ಲುಗಳನ್ನೂ ಇಡಬೇಕಾಯಿತು. ಸೆಲ್ಲುಗಳು ಹಿಡಿಸುವಷ್ಟು ಅಗಲವನ್ನು ಮೊದಲು ಮಾಡಿ, ಅನಂತರ ಅಳೆದು ನೋಡಿದರೆ ಅದು ಸುಮಾರು ಮೂವತ್ತೈದರಲ್ಲೊಂದು ಪಾಲಾಗಿತ್ತು. ಮೋಟಾರು ಹೋಯಿತು, ಅಳತೆ ಉಳಿಯಿತು. ಉಳಿದ ತಯಾರಕರೂ ಅದನ್ನೇ ಅನುಸರಿಸಿದರು. ಇಂದು ಶಾಸ್ತ್ರವೆಂದು ಪೂಜೆಗೊಳ್ಳುತ್ತಿರುವ ಎಷ್ಟೋ ಸಂಗತಿಗಳ ಗರ್ಭವನ್ನು ಬಗೆದರೆ ಇಂಥದೊಂದು ಸೆಲ್ಲು ದೊರೆಯುವುದುಂಟು.

ಪ್ರಶ್ನೆ: ನಿರ್ಮಾಣಕಾಲದಲ್ಲಿ ತಮಗಾದ ಅನುಭವ?

ಟೈಗರ್: ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ನನ್ನ ಅವಯವಗಳನ್ನು ಒಂದೊಂದಾಗಿ ಕತ್ತರಿಸಿ, ಅರದಿಂದ ತೀಡಿ, ಉಪ್ಪುಕಾಗದದಿಂದ ನುಣುಪುಗೊಳಿಸಿ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟಿನಿಂದ ಕೂಡಿಸುತ್ತಾರೆ. ನನ್ನ ಚಕ್ರಗಳು ಒಂದರ ಹಿಂದೊಂದು ಅಡಗಿ ಪದರಪದರವಾಗಿರುವುದನ್ನು ತಾವು ಕಾಣುತ್ತಿರುವಿರಿ. ರಷ್ಯದ ಚಳಿಯಲ್ಲಿ ಅವುಗಳ ಸಂದಿಗೆ ನುಗ್ಗಿದ ಕೆಸರು ಹೆಪ್ಪುಗಟ್ಟಿ ನನ್ನನ್ನು ಕದಲದಂತೆ ಮಾಡುತ್ತಿತ್ತು. ಒಳಗಿನದೊಂದು ಕೆಟ್ಟರೆ ಹೊರಗಿನ ಹಲವನ್ನು ಕಳಚಬೇಕಾಗಿದ್ದುದರಿಂದ, ಈ ಯೋಜನೆಯನ್ನು ಮಾಡಿದ ಎಂಜಿನಿಯರನನ್ನು ಸಿಪಾಯಿಗಳು ನಿತ್ಯವೂ ಸ್ಮರಿಸುತ್ತಿದ್ದಿರಬೇಕು. ನನ್ನನ್ನು ಜೋಡಿಸುವ ಈ ಮಹಾನುಭಾವರೋ, ಮುಂದೆಂದೂ ಮನುಷ್ಯದೃಷ್ಟಿಗೆ ಬೀಳದ ಆ ಒಳಚಕ್ರಗಳಿಗೂ ರಬ್ಬರಿನ ಅಂಚಿನ ಕಪ್ಪುಬಣ್ಣವನ್ನು ಕೂದಲೆಳೆಯ ಕುಂಚದಿಂದ ಬಳಿಯುತ್ತಾರೆ. ನಿಷ್ಕಾಮಕರ್ಮವೆಂದರೆ ಏನೆಂಬುದನ್ನು ನಾನು ಕಂಡದ್ದು ಈ ಮೇಜಿನ ಮೇಲೆ.

ಪ್ರಶ್ನೆ: ಮೈಮೇಲೆ ಸಾಲುಸಾಲಾಗಿ ಗೀರೆಳೆದ ಈ ಲೇಪವೇನು? ಮಣ್ಣಿನ ಗೋಡೆಯನ್ನು ಬೆರಳಿನಿಂದ ಸಾರಿಸಿದಂತಿದೆ.

ಟೈಗರ್: ಅದರ ಹೆಸರು ಸಿಮ್ಮೆರಿಟ್. ಆಯಸ್ಕಾಂತದಿಂದ ಕಚ್ಚಿಕೊಳ್ಳುವ ಬಾಂಬನ್ನು ಶತ್ರುಗಳು ನನ್ನ ಮೈಗೆ ಅಂಟಿಸಿಯಾರೆಂಬ ಭಯದಿಂದ, 1943 ರ ಉತ್ತರಾರ್ಧದಿಂದ ಸುಮಾರು ಒಂದು ವರ್ಷಕಾಲ ಕಾರ್ಖಾನೆಯಲ್ಲಿಯೇ ಇದನ್ನು ಮೆತ್ತುತ್ತಿದ್ದರು. ಸ್ವಾರಸ್ಯವೇನೆಂದರೆ, ಆ ಬಗೆಯ ಬಾಂಬನ್ನು ಮುಖ್ಯವಾಗಿ ಬಳಸುತ್ತಿದ್ದವರು ಜರ್ಮನರೇ. ತಮ್ಮ ಬತ್ತಳಿಕೆಯಲ್ಲಿದ್ದುದು ಎದುರಾಳಿಯ ಬತ್ತಳಿಕೆಯಲ್ಲಿಯೂ ಇರಲೇಬೇಕೆಂದು ಊಹಿಸುವುದು ರಾಷ್ಟ್ರಗಳ ಸ್ವಭಾವವಷ್ಟೆ. ಬಾರದ ಆ ಬಾಂಬಿನಿಂದ ನನ್ನನ್ನು ರಕ್ಷಿಸುವ ಸಲುವಾಗಿ ನನ್ನ ಯಜಮಾನರು ಇಂದಿಗೂ ಪುಟ್ಟಿಯನ್ನು ಹಚ್ಚಿ ಗೀರೆಳೆಯುತ್ತಿದ್ದಾರೆ.

ಪ್ರಶ್ನೆ: ತಮ್ಮ ವರ್ಣದ ವಿಷಯವಾಗಿ ವಿದ್ವಾಂಸರಲ್ಲಿ ಘೋರ ಭಿನ್ನಾಭಿಪ್ರಾಯವಿದೆಯೆಂದು ಕೇಳಿದ್ದೇವೆ.

ಟೈಗರ್: ಇದೆ, ಹಳೆಯ ಮಿತ್ರರು ಮಾತು ಬಿಟ್ಟಿರುವಷ್ಟಿದೆ. 1943 ರ ಫೆಬ್ರುವರಿಯ ಅಪ್ಪಣೆಯ ಮೇರೆಗೆ ನನಗೆ ಗಾಢಹಳದಿಯ ಬಣ್ಣವಾಯಿತು. ಅದರ ಮೇಲೆ ಹಚ್ಚಬೇಕಾದ ಹಸುರು ಮತ್ತು ಕೆಂಗಂದುಗಳನ್ನು ಗಟ್ಟಿ ಲೇಹ್ಯದ ರೂಪದಲ್ಲಿ ಡಬ್ಬಗಳಲ್ಲಿ ರಣರಂಗಕ್ಕೆ ಕಳುಹುತ್ತಿದ್ದರು. ಸಿಪಾಯಿಯು ಪೆಟ್ರೋಲು ಸಿಕ್ಕರೆ ಪೆಟ್ರೋಲಿನಲ್ಲಿ, ಸಿಕ್ಕದಿದ್ದರೆ ನೀರಿನಲ್ಲಿ ಕದಡಿ, ಕೈಗೆ ಬಂದ ಹಾಗೆ ಬಳಿಯುತ್ತಿದ್ದನು. ಅವನ ಆತುರದಲ್ಲಿ ಉಂಟಾದ ಛಾಯೆಯನ್ನು ಎಂಟು ಹನಿ ಇದು, ಮೂರು ಹನಿ ಅದು ಎಂದು ಅಳೆದು ಸಾಧಿಸುವವರ ಶ್ರದ್ಧೆಗೆ ನಾನು ತಲೆಬಾಗುವೆನು. ನಾನು ಯಾರ ಮೇಲೆ ಗುಂಡು ಹಾರಿಸಿದೆನೆಂಬ ಪ್ರಶ್ನೆಯನ್ನು ಮಾತ್ರ ಇಷ್ಟು ಸೂಕ್ಷ್ಮವಾಗಿ ಯಾರೂ ಕೇಳಿದ್ದಿಲ್ಲ.

ಪ್ರಶ್ನೆ: ಹೊಚ್ಚಹೊಸ ಬಣ್ಣದ ಮೇಲೆ ಮತ್ತೆ ತುಕ್ಕನ್ನೂ ಧೂಳನ್ನೂ ಹಚ್ಚುವುದೇಕೆ?

ಟೈಗರ್: ವಾಸ್ತವಿಕತೆಗಾಗಿ! ತೆಳುವಾದ ಕಂದುಬಣ್ಣವನ್ನು ಸಂದುಗಳಲ್ಲಿ ಹರಿಯಬಿಟ್ಟು, ಸ್ಪಂಜಿನ ಚೂರಿನಿಂದ ಬಣ್ಣ ಕಿತ್ತುಹೋದ ಕಲೆಗಳನ್ನೊತ್ತಿ, ಒಣಪುಡಿಯನ್ನು ಚಕ್ರಗಳಿಗೆ ಉದುರಿಸುತ್ತಾರೆ. ತಮ್ಮ ಮನೆಯ ಕಿಟಕಿಯ ಸರಳುಗಳಿಗೆ ಹಿಡಿದಿರುವ ನಿಜವಾದ ತುಕ್ಕನ್ನು ಗಮನಿಸಲು ಅವರಿಗೆ ಇದರಿಂದ ಬಿಡುವಾಗಿಲ್ಲ. ನನ್ನ ಒಡಹುಟ್ಟಿದವರಲ್ಲಿ ಅನೇಕರು ತುಕ್ಕು ಹಿಡಿಯುವಷ್ಟು ಕಾಲ ಬದುಕಲೇ ಇಲ್ಲ. ಆ ವಾರ್ಧಕ್ಯವು ನನಗೆ ಈ ಜನ್ಮದಲ್ಲಿ ಒಂದೇ ಸಂಜೆಯಲ್ಲಿ ಪ್ರಾಪ್ತವಾಗುತ್ತದೆ.

ಪ್ರಶ್ನೆ: ಆದರೂ ತಾವು ಯುದ್ಧದಲ್ಲಿ ಸೋತ ಪಕ್ಷದವರು. ಈ ಪರಿಯ ಗೌರವವೇಕೆ?

ಟೈಗರ್: ಯಾವ ಯುದ್ಧದಲ್ಲಿ? ನಾವು ಹುಟ್ಟಿದ್ದು ಒಟ್ಟು ಸುಮಾರು 1,350. ಯುದ್ಧಕಾಲದಲ್ಲಿ ರಷ್ಯನರು ಕಟ್ಟಿದ ಟಿ-34 ಟ್ಯಾಂಕುಗಳು 50,000 ಕ್ಕೂ ಮಿಕ್ಕು. ನೆಲದ ಮೇಲೆ ಆ ಲೆಕ್ಕ ಗೆದ್ದಿತು. ಆದರೆ ಹವ್ಯಾಸಿಗಳ ಗಾಜಿನ ಕಪಾಟುಗಳನ್ನು ಒಮ್ಮೆ ನೋಡಿ ಬನ್ನಿ, ಸೋತವರಾರೆಂದು ಆಮೇಲೆ ಮಾತನಾಡೋಣ.

ಪ್ರಶ್ನೆ: ಇಷ್ಟೆಲ್ಲ ನಿಖರತೆಯ ನಡುವೆ ಯಾವ ಕೊರತೆಯೂ ಕಾಣದೇ?

ಟೈಗರ್: ಒಂದಿದೆ, ಭಾರ. ಉದ್ದ, ಅಗಲ, ಎತ್ತರ ಮೂರೂ ಮೂವತ್ತೈದು ಪಾಲು ಕುಗ್ಗಿದರೆ ತೂಕವು 42,875 ಪಾಲು ಕುಗ್ಗಬೇಕು. ಆ ಲೆಕ್ಕದಿಂದಲೂ ನಾನು ಒಂದೂಕಾಲು ಕಿಲೋಗ್ರಾಮಿಗೆ ಮೇಲ್ಪಟ್ಟು ತೂಗಬೇಕಾಗಿತ್ತು, ಆದರೆ ಒಂದು ಮಗುವೂ ನನ್ನನ್ನು ಎರಡು ಬೆರಳಿನಿಂದ ಎತ್ತೀತು. ಐವರು ಕುಳಿತು ಬೆವರುತ್ತಿದ್ದ, ಕೆಲವೊಮ್ಮೆ ಬೆಂದುಹೋಗುತ್ತಿದ್ದ ನನ್ನ ಒಡಲು ಈಗ ಬರಿದು. ಕಣ್ಣಿಗೆ ಕಾಣುವುದೆಲ್ಲವೂ ಪೆಟ್ಟಿಗೆಯಲ್ಲಿ ಬಂದಿತು, ತೂಗಬೇಕಾದದ್ದು ಬರಲಿಲ್ಲ. ಇದು ದೂರಲ್ಲ. ಅದನ್ನೂ ಸೇರಿಸಿ ಕೊಡುವುದಾದರೆ ನನ್ನನ್ನು ಯಾರು ಕೊಂಡಾರು?

ಪ್ರಶ್ನೆ: ಕೊನೆಯದಾಗಿ, ಲೋಕಶಾಂತಿಯ ಬಗ್ಗೆ ತಮ್ಮ ಅಭಿಪ್ರಾಯ?

ಟೈಗರ್: 1932 ರಲ್ಲಿ ಜಿನೀವಾದಲ್ಲಿ ರಾಷ್ಟ್ರಗಳೆಲ್ಲ ಸಭೆ ಸೇರಿ ನಿಶ್ಶಸ್ತ್ರೀಕರಣವನ್ನು ವರ್ಷಗಟ್ಟಲೆ ಚರ್ಚಿಸಿದವು, ಅದು ಸೇರಿದ ಹತ್ತು ವರ್ಷಕ್ಕೆ ನಾನು ಹುಟ್ಟಿದೆನು. ಮಹಾಮಂತ್ರಿಗಳಿಂದ ಆಗದ ಆ ಕಾರ್ಯವನ್ನು ನನ್ನ ಯಜಮಾನರು ಸದ್ದಿಲ್ಲದೆ ಸಾಧಿಸಿದ್ದಾರೆ. ಅಗೋ, ಆ ಬೀರುವಿನ ಮೇಲೆ ಸೂರಿನವರೆಗೆ ಪೇರಿಸಿರುವ ಪೆಟ್ಟಿಗೆಗಳನ್ನು ನೋಡಿ: ಷರ್ಮನ್ನುಗಳು, ಪ್ಯಾಂಥರುಗಳು, ಒಂದು ಇಡೀ ದಳ. ಕೊಳ್ಳುವ ಉತ್ಸಾಹವು ಕಟ್ಟುವ ಬಿಡುವನ್ನು ಸದಾ ಮೀರುವುದರಿಂದ ಅವುಗಳಲ್ಲಿ ಒಂದರ ಮುಚ್ಚಳವೂ ತೆರೆದಿಲ್ಲ, ಈ ಜನ್ಮದಲ್ಲಿ ತೆರೆಯುವ ಸಂಭವವೂ ಇಲ್ಲ. ಸೇನಾಧಿಪತಿಗಳಿಗೆಲ್ಲ ಈ ಚಟ ಹತ್ತಲೆಂದು ಹಾರೈಸುವೆನು.