ನಾವೀನ್ಯಮಾಪನ ಮೀಮಾಂಸೆ

ನಾವೀನ್ಯವೆಂಬುದು ಎಣಿಸಬಲ್ಲ ಪದಾರ್ಥ. ಎಣಿಕೆಗೆ ಸಿಗದದ್ದನ್ನು ಈ ಪ್ರಬಂಧದಲ್ಲಿ ‘ಕಸುಬು’ ಎಂದು ಕರೆದು ಕೈಬಿಡಲಾಗಿದೆ.

ನೀತಿ ಆಯೋಗದ ನಾವೀನ್ಯ ಸೂಚ್ಯಂಕದ 2019, 2020, 2021ರ ಮೂರೂ ಆವೃತ್ತಿಗಳಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕವೇ ಮೊದಲು. ಆದ್ದರಿಂದ ಮಾಪನಪದ್ಧತಿ ನಿರ್ದುಷ್ಟವೆಂಬುದು ಸ್ವತಃಸಿದ್ಧ. (ಎರಡನೆಯ ಸ್ಥಾನ ಬಂದಿದ್ದರೆ ಪದ್ಧತಿಯ ದೋಷಗಳ ಬಗ್ಗೆ ಇಲ್ಲೊಂದು ಅಧ್ಯಾಯವಿರುತ್ತಿತ್ತು.)

ಪೂರ್ವಪಕ್ಷ: ಪೇಟೆಂಟ್ ಏರಿದಂತೆ ರಾಜ್ಯದ ಜಿಎಸ್‌ಡಿಪಿಯೂ ಏರಿದೆ, ಆದ್ದರಿಂದ ಪೇಟೆಂಟೇ ಜಿಎಸ್‌ಡಿಪಿಯ ಏರಿಕೆಗೆ ಕಾರಣ. ಆಕ್ಷೇಪ: ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕೂ ಏರಿದೆಯಲ್ಲ? ಸಮಾಧಾನ: ಟ್ರಾಫಿಕ್ಕಿಗೆ ಅರ್ಜಿ ಸಂಖ್ಯೆ ಇಲ್ಲ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ ಆಗಿರುವುದರಿಂದ ಕಲಬುರಗಿಯನ್ನು ‘ಸಾಂಖ್ಯಿಕ ಗದ್ದಲ’ವೆಂದು ಪರಿಗಣಿಸತಕ್ಕದ್ದು.

ಪೇಟೆಂಟು ಏಳು ವಿಧ. ಮೊದಲನೆಯದು ಸ್ಥಾವರ: ಫೈಲಿನಿಂದ ಮೇಲೇಳದ್ದು. ಎರಡನೆಯದು ಜಂಗಮ: ಬೆಂಗಳೂರಿನ ಎಂಜಿನಿಯರನ ತಲೆಯಲ್ಲಿ ಹುಟ್ಟಿ ಅಮೆರಿಕದ ಮಾತೃಕಂಪನಿಯ ಹೆಸರಿಗೆ ನಡೆದುಹೋಗುವುದು. ಮೂರನೆಯದು ಪ್ರಕಟಿತ. ಇದೇ ಶ್ರೇಷ್ಠ. ಸಾಮಾನ್ಯ ಅರ್ಜಿ 18 ತಿಂಗಳಾದ ಮೇಲೆ ತಾನಾಗಿ ಪ್ರಕಟವಾಗುತ್ತದೆ. ತಾಳ್ಮೆಯಿಲ್ಲದವರಿಗೆ ಫಾರ್ಮ್ 9 ಇದೆ, ಬೇಗನೆ ಆಗುತ್ತದೆ. ಯಂತ್ರ ಹೊಸದೋ ಹಳೆಯದೋ ಎಂಬ ಪರೀಕ್ಷೆ ಬೇಕೆಂದರೆ ಫಾರ್ಮ್ 18ರಲ್ಲಿ ಬೇರೆಯಾಗಿ ಕೇಳಿಕೊಳ್ಳಬೇಕು. ಕೇಳಿಕೊಳ್ಳುವ ಮೂರ್ಖ ಯಾರು? ಕಾಲೇಜುಗಳ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಬರೀ ಪ್ರಕಟವಾದದ್ದಕ್ಕೂ ಲೆಕ್ಕವುಂಟು. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ. 80 ರಿಯಾಯಿತಿ ಬೇರೆ.

ಉಳಿದ ನಾಲ್ಕು ವಿಧ ಇರಲಿ ಬಿಡಿ.

ನಾನು ಪಾಠ ಹೇಳುವ ಕಾಲೇಜಿನಲ್ಲಿ ಪ್ರತಿಯೊಬ್ಬ ಮೇಷ್ಟರಿಗೂ ವರ್ಷಕ್ಕೊಂದು ಪೇಟೆಂಟ್ ಕಡ್ಡಾಯ. ಮಾರ್ಚ್ ಬಂತೆಂದರೆ ವಾಟ್ಸ್ಯಾಪಿನಲ್ಲಿ ‘ಇನ್ವೆಂಟರ್ ಸೀಟ್ ಖಾಲಿ ಇದೆ’ ಎಂಬ ಸಂದೇಶ. ಮೊದಲ ಹೆಸರಿಗೆ ಒಂದು ರೇಟು, ಆರನೆಯದಕ್ಕೆ ಇನ್ನೊಂದು. ನಾನೂ ದುಡ್ಡು ಕಟ್ಟಿದ್ದೇನೆ. ನಾಲ್ಕನೆಯ ಸೀಟು. ಆ ಯಂತ್ರ ಏನು ಮಾಡುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೆಸರಿನಲ್ಲಿ ಎಐ, ಐಒಟಿ ಎರಡೂ ಇವೆ. ಕಾಲೇಜಿನವರು ಶಾಲು ಹೊದಿಸಿದರು. ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ವರ್ಕ್‌ಶಾಪಿನ ಲೇಥು ಬೆಲ್ಟ್ ಹರಿದು ಎರಡು ವರ್ಷದಿಂದ ನಿಂತಿತ್ತು. ಬೆಲ್ಟಿಗೆ ‘ಫಂಡ್ ಇಲ್ಲ’. ಹುಡುಗರು ಲೇಥ್ ಮುಟ್ಟದೆಯೇ ಮೆಕ್ಯಾನಿಕಲ್ ಎಂಜಿನಿಯರುಗಳಾಗಿ ಹೊರಟುಹೋದರು.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ಅಬ್ದುಲ್ ಖಾದರ್ ನಡಕಟ್ಟಿನ ಎಂಬ ರೈತರಿದ್ದಾರೆ. ಬೆಳಗಿನ ನಿದ್ದೆ ಬಿಡದೆ, ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ ಮುಖದ ಮೇಲೆ ನೀರು ಸುರಿಯುವಂತೆ ಮಾಡಿಕೊಂಡದ್ದು ಅವರ ಮೊದಲ ಶೋಧ. ಆಮೇಲೆ ಹುಣಸೆ ಬೀಜ ಬಿಡಿಸುವ ಯಂತ್ರ ಮಾಡಿದರು, ಕೂರಿಗೆ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಹುಣಸೆ ಕುಟ್ಟಿ ಕುಟ್ಟಿ ಬೊಬ್ಬೆ ಏಳುತ್ತಿದ್ದ ಹೆಂಗಸರ ಕೈಗೆ ಸಿಕ್ಕ ಬಿಡುವನ್ನು ಯಾವ ಸೂಚ್ಯಂಕದ ಯಾವ ಕಾಲಂನಲ್ಲಿ ತುಂಬುತ್ತೀರಿ, ಸ್ವಾಮಿ?

ಪ್ರಬಂಧ ದಾರಿ ತಪ್ಪಿತು. ಕ್ಷಮೆಯಿರಲಿ.

ಮೊನ್ನೆ ನಮ್ಮ ಅಟೆಂಡರ್ ಹರಿದ ಬೆಲ್ಟಿಗೆ ಹಳೆಯ ಸೈಕಲ್ ಟ್ಯೂಬು ಹೆಣೆದು ಲೇಥನ್ನು ತಿರುಗಿಸಿಯೇಬಿಟ್ಟ. ಹುಡುಗರು ಚಪ್ಪಾಳೆ ತಟ್ಟಿದರು. ‘ಇದನ್ನ ಎಲ್ಲಿ ಬರ್ಕೊಳ್ಳೋದು ಸಾರ್?’ ಎಂದ. ಸ್ಟಾಕ್ ರಿಜಿಸ್ಟರ್ ತೆಗೆದು ‘ಸೈಕಲ್ ಟ್ಯೂಬು, 1, ಹಳೆಯದು’ ಎಂದು ಬರೆದೆ.