ಕೈ ಮಾಡುವವರಿಗೊಂದು ಕೈಪಿಡಿ

ಕ್ರೀಡಾಪಟುಗಳೇ, ಎದುರಾಳಿ ನಿಮ್ಮ ಮನೆಯವರನ್ನು ಎಳೆದು ಬೈದಿದ್ದಾನೆ. ಮೈಯೆಲ್ಲ ಉರಿಯುತ್ತಿದೆ, ಎರಡು ಬಿಗಿಯೋಣ ಅನ್ನಿಸಿದೆ. ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಆದರೂ ಉಪಕರಣ ಬಳಸುವ ಮುನ್ನ ಸೂಚನೆಗಳನ್ನು ಓದಿ. ಮಿಕ್ಸಿ ಕೊಂಡಾಗ ಓದದಿದ್ದರೂ ಸರಿ, ಇದನ್ನು ಓದಿ.

ಮೊದಲು ಸ್ಥಳ ಮತ್ತು ಮುಹೂರ್ತ. ಜಗತ್ತೆಲ್ಲ ನೋಡುತ್ತಿರುವ ಪಂದ್ಯವೇ ಆಗಬೇಕು. 2006ರ ಜುಲೈ 9, ಬರ್ಲಿನ್, ವಿಶ್ವಕಪ್ ಫುಟ್‌ಬಾಲ್ ಫೈನಲ್, 110ನೇ ನಿಮಿಷ, ಫ್ರಾನ್ಸ್ 1, ಇಟಲಿ 1. ಆ ಎರಡು ಗೋಲುಗಳನ್ನು ಹೊಡೆದವರೇ ಈಗ ಎದುರುಬದುರು ನಿಂತಿದ್ದರು. ಇಟಲಿಯ ಮಾರ್ಕೊ ಮಾತೆರಾಜ್ಜಿ ಫ್ರಾನ್ಸಿನ ಜಿನೆದಿನ್ ಜಿದಾನ್ ಅವರ ಅಂಗಿ ಜಗ್ಗಿದರು. ಬೇಕಿದ್ದರೆ ಆಟ ಮುಗಿದ ಮೇಲೆ ಕೊಡುತ್ತೇನೆ ಎಂದರಂತೆ ಜಿದಾನ್. ಅಂಗಿ ಯಾರಿಗೆ ಬೇಕು, ನಿನ್ನ ಸೋದರಿ ಸಾಕು ಎಂಬರ್ಥದ ಉತ್ತರ ಬಂತು. ಆಮೇಲೆ ಮಾತೆರಾಜ್ಜಿಯವರೇ ಹೇಳಿಕೊಂಡದ್ದು ಇದು. ಜಿದಾನ್ ನಾಲ್ಕು ಹೆಜ್ಜೆ ಮುಂದೆ ಹೋಗಿಯೂ ಆಗಿತ್ತು. ಹಾಗೇ ಹೋಗಿಬಿಟ್ಟಿದ್ದರೆ ಈ ಕೈಪಿಡಿ ಬರೆಯುವ ಕೆಲಸ ನನಗೆ ಇರುತ್ತಿರಲಿಲ್ಲ. ತಿರುಗಿ ಬಂದರು, ತಲೆ ತಗ್ಗಿಸಿದರು, ಎದೆಗೆ ಗುದ್ದಿದರು.

ರೆಫ್ರಿ ಒರಾಸಿಯೊ ಎಲಿಜೊಂಡೊ ಅದನ್ನು ನೋಡಿಯೇ ಇರಲಿಲ್ಲ. ನಾಲ್ಕನೇ ರೆಫ್ರಿ ಕಿವಿಗೆ ಹಾಕಿದ ಮೇಲೆ ಕೆಂಪು ಕಾರ್ಡು ಹೊರಬಂತು. ಬೈದವನಿಗೆ ಕೆಂಪು ಕಾರ್ಡು ಇಲ್ಲವೇ? ಧಾರಾಳವಾಗಿ ಇದೆ. ಫುಟ್‌ಬಾಲಿನ 12ನೇ ನಿಯಮದಲ್ಲಿ ಹೊಡೆತಕ್ಕೂ ಅವಾಚ್ಯ ಮಾತಿಗೂ ಶಿಕ್ಷೆ ಒಂದೇ, ಹೊರಕ್ಕೆ. ಆದರೆ ಬೈಗುಳ ಒಂದೇ ಕಿವಿಗೆ ಬೀಳುತ್ತದೆ, ಗುದ್ದು ಹತ್ತಾರು ಕ್ಯಾಮೆರಾಗಳಿಗೆ ಬೀಳುತ್ತದೆ.

ಮುಂದಿನದು ಮುಖ್ಯ, ಅಡಿಗೆರೆ ಹಾಕಿಕೊಳ್ಳಿ. ಪಂದ್ಯ ಪೆನಾಲ್ಟಿಗೆ ಹೋಯಿತು. ಮಾತೆರಾಜ್ಜಿ ತಮ್ಮ ಸರದಿಯಲ್ಲಿ ಗೋಲು ಹೊಡೆದರು. ಫ್ರಾನ್ಸ್ ಪರ ಹೊಡೆಯಲು ಜಿದಾನ್ ಇರಲಿಲ್ಲ. ಇಟಲಿ 5-3ರಿಂದ ಕಪ್ ಎತ್ತಿತು. ಕೆಣಕುವವನಿಗೆ ಬೇಕಾದ್ದು ನಿಮ್ಮ ಕಣ್ಣೀರಲ್ಲ, ನಿಮ್ಮ ಗೈರುಹಾಜರಿ. ಹೊಡೆದಿರೋ, ಅವನು ಕೇಳಿದ್ದನ್ನು ಕೈಯಾರೆ ಕೊಟ್ಟಿರಿ.

ಬೇರೆ ಮಾದರಿಗಳೂ ಲಭ್ಯ. ಪ್ರೇಕ್ಷಕನಿಗೇ ಒದೆಯುವ ಮಾದರಿಯನ್ನು 1995ರ ಜನವರಿಯಲ್ಲಿ ಫುಟ್‌ಬಾಲ್ ಆಟಗಾರ ಎರಿಕ್ ಕಾಂತೊನಾ ಲಂಡನ್‌ನಲ್ಲಿ ಪರೀಕ್ಷಿಸಿದರು. ಬೆಲೆ, ಎಂಟು ತಿಂಗಳ ನಿಷೇಧ. ಸ್ವದೇಶಿ ಮಾದರಿ 2008ರ ಮೊದಲ ಐಪಿಎಲ್‌ನಲ್ಲಿ ಮೊಹಾಲಿಯಲ್ಲಿ ಬಿಡುಗಡೆಯಾಯಿತು: ಹರಭಜನ್ ಸಿಂಗ್ ಕೈ, ಶ್ರೀಶಾಂತ್ ಕೆನ್ನೆ. ಹರಭಜನ್‌ಗೆ ಆ ಋತುವಿನ ಉಳಿದ ಆಟವೇ ಇಲ್ಲವಾಯಿತು. ಕೈ ತುರಿಕೆ ತೀರಾ ಹೆಚ್ಚಿದ್ದರೆ ಉತ್ತರ ಅಮೆರಿಕದ ಐಸ್ ಹಾಕಿಗೆ ಸೇರಿಕೊಳ್ಳಿ. ಅಲ್ಲಿ ಗ್ಲೌಸ್ ಕಳಚಿ ಬಡಿದಾಡಿದರೆ ಐದು ನಿಮಿಷ ಪೆಟ್ಟಿಗೆಯಲ್ಲಿ ಕೂರಿಸಿ ಮತ್ತೆ ಆಟಕ್ಕೆ ಬಿಡುತ್ತಾರೆ.

ಬಣ್ಣವನ್ನೋ ಜಾತಿಯನ್ನೋ ಎತ್ತಿ ಆಡಿದರೆ? ಅಲ್ಲಿ ನುಂಗಿಕೊಂಡು ಸುಮ್ಮನಿರಿ ಎಂದು ನಾನು ಹೇಳಲಾರೆ. ‘ಆಟವನ್ನು ಆಟವಾಗಿ ನೋಡಿ’ ಎಂದು ಉಪದೇಶಿಸುವವರಿಗೆ ಸಾಮಾನ್ಯವಾಗಿ ಆ ಬೈಗುಳ ತಾಗಿರುವುದೇ ಇಲ್ಲ. 2021ರ ಜನವರಿಯಲ್ಲಿ ಸಿಡ್ನಿಯ ಪ್ರೇಕ್ಷಕರು ನಿಂದಿಸಿದಾಗ ಭಾರತದ ಮೊಹಮ್ಮದ್ ಸಿರಾಜ್ ಬೌಂಡರಿ ಗೆರೆಯಿಂದ ನೇರ ನಡೆದು ಬಂದು ದೂರು ಕೊಟ್ಟರು. ಟೆಸ್ಟ್ ಪಂದ್ಯವೇ ಕೆಲಹೊತ್ತು ನಿಂತಿತು, ಆರು ಮಂದಿಯನ್ನು ಕ್ರೀಡಾಂಗಣದಿಂದ ಹೊರಗೆ ಕಳಿಸಲಾಯಿತು. ಕೈ ಎತ್ತಿದ್ದರೆ ಹೊರಗೆ ಹೋಗುತ್ತಿದ್ದವರು ಸಿರಾಜ್.

ಕೊನೆಗೆ, ಸೇಡು ತೀರಲೇಬೇಕು ಎನ್ನುವವರಿಗಾಗಿ ಬೆಂಗಳೂರು ಮಾದರಿ. 1996ರ ಮಾರ್ಚ್ 9, ಚಿನ್ನಸ್ವಾಮಿ ಕ್ರೀಡಾಂಗಣ, ಕ್ರಿಕೆಟ್ ವಿಶ್ವಕಪ್ ಕ್ವಾರ್ಟರ್‌ಫೈನಲ್. ನಮ್ಮ ವೆಂಕಟೇಶ್ ಪ್ರಸಾದ್‌ಗೆ ಬೌಂಡರಿ ಬಾರಿಸಿದ ಪಾಕಿಸ್ತಾನದ ಆಮಿರ್ ಸೊಹೈಲ್, ಮುಂದಿನದೂ ಅಲ್ಲಿಗೇ ಎಂಬಂತೆ ಬ್ಯಾಟಿನಿಂದ ಗಡಿ ತೋರಿಸಿದರು. ಪ್ರಸಾದ್ ತಿರುಗಿ ಓಡಿ ಬಂದು ಹಾಕಿದ ಮುಂದಿನ ಎಸೆತಕ್ಕೆ ಆಫ್ ಸ್ಟಂಪ್ ಹಾರಿತು. ಪ್ರಸಾದ್ ಬಾಯಿ ಕಟ್ಟಿಕೊಂಡು ನಿಂತವರೂ ಅಲ್ಲ. ಪೆವಿಲಿಯನ್ ದಾರಿ ತೋರಿಸಿ, ಕೂಗಿಯೇ ಕಳಿಸಿದರು. ನಿಷೇಧವಿಲ್ಲ, ಕೆಂಪು ಕಾರ್ಡಿಲ್ಲ. 10 ಓವರ್, 45 ರನ್, 3 ವಿಕೆಟ್. ಭಾರತ 39 ರನ್‌ಗಳಿಂದ ಗೆದ್ದಿತು.