ಸೈಕಲ್ ಪಥ ಉದ್ಘಾಟಿಸಲಿರುವ ಸಚಿವರಿಗೆ ಮುಂಗಡ ಅಭಿನಂದನೆ

ಕರಾವಳಿ ಸೈಕಲ್ ಪಥವನ್ನು ಮುಂದೊಂದು ದಿನ ಉದ್ಘಾಟಿಸಲಿರುವ ಮಾನ್ಯ ಸಚಿವರ ಸನ್ನಿಧಿಗೆ,



ತಾವು ಯಾರು, ಯಾವ ಪಕ್ಷದವರು, ಯಾವ ಇಸವಿಯಲ್ಲಿ ದಯಮಾಡಿಸುತ್ತೀರಿ ಎಂಬುದು ನನಗೆ ತಿಳಿಯದು. ಬರುವುದಂತೂ ಖಂಡಿತ. ತಲಪಾಡಿಯಿಂದ ಮಾಜಾಳಿಯವರೆಗೆ ಮುನ್ನೂರು ಕಿಲೋಮೀಟರಿನಷ್ಟು ಕಡಲು ಇಟ್ಟುಕೊಂಡ ರಾಜ್ಯದಲ್ಲಿ ಯಾರೋ ಒಬ್ಬರು ಎಂದಾದರೊಂದು ದಿನ ‘ಸೈಕಲ್ ಪ್ರವಾಸೋದ್ಯಮ’ ಎಂದು ಘೋಷಿಸದೆ ಇರುತ್ತಾರೆಯೇ? ಅಂದು ತಾವು ಬಿಳಿ ಅಂಗಿ ತೊಟ್ಟು, ಹೆಲ್ಮೆಟ್ಟನ್ನು ಹಿಂದುಮುಂದಾಗಿ ಇಟ್ಟುಕೊಂಡು, ಬಾಡಿಗೆಗೆ ತಂದ ಗೇರ್ ಸೈಕಲ್ ಏರಿ, ಇಬ್ಬರು ಬೆಂಬಲಿಗರು ಸೀಟು ಹಿಡಿದಿರಲು ಐವತ್ತು ಅಡಿ ಸಾಗಿ, ಫೋಟೊ ಮುಗಿದೊಡನೆ ಕಾರು ಹತ್ತುವಿರಿ. ಆ ಗದ್ದಲದಲ್ಲಿ ನನ್ನ ಅಭಿನಂದನೆ ತಮ್ಮನ್ನು ತಲುಪಲಿಕ್ಕಿಲ್ಲ. ಆದ್ದರಿಂದ ಈಗಲೇ ಬರೆದಿಡುತ್ತಿದ್ದೇನೆ.

ಜೊತೆಗೆ ಒಂದು ಗುಟ್ಟನ್ನೂ ಹೇಳಬೇಕು. ತಾವು ಉದ್ಘಾಟಿಸಲಿರುವ ಪಥ ಈಗಾಗಲೇ ಇದೆ. ಯಾವ ಯೋಜನೆಯಲ್ಲೂ ಸೇರದೆ ಉಳಿದದ್ದರಿಂದ ಚೆನ್ನಾಗಿಯೂ ಇದೆ.

ತಮ್ಮ ಅಧಿಕಾರಿಗಳು ಇದನ್ನು ಒಪ್ಪುವುದಿಲ್ಲ. ನಕ್ಷೆ ಬಿಡಿಸಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬೆರಳಿಟ್ಟು, ‘ಸರ್, ಇದರ ಪಕ್ಕದಲ್ಲೇ ಹಸಿರು ಬಣ್ಣ ಬಳಿದರೆ ಆಯಿತು’ ಎನ್ನುತ್ತಾರೆ. ಹಿಂದೆ ಹದಿನೇಳನೆಯ ನಂಬರಾಗಿದ್ದು ಈಗ ಅರವತ್ತಾರಾಗಿರುವ ಈ ಹೆದ್ದಾರಿಯ ಮೇಲೆ ನನಗೂ ಅಪಾರ ಗೌರವ. ಟೋಲ್‌ಗೇಟಿನಲ್ಲಿ ಸೈಕಲ್ಲಿಗೆ ದುಡ್ಡು ಕೇಳುವುದಿಲ್ಲ; ದಾರಿಯುದ್ದಕ್ಕೂ ಸೈಕಲ್ ಸವಾರನಿಗೆ ಸಿಗುವ ಸರಕಾರಿ ಮರ್ಯಾದೆ ಅದೊಂದೇ. ರಸ್ತೆಯಂಚಿನ ಬಿಳಿಗೆರೆಯ ಆಚೆಗಿನ ಜಾಗ ನಮ್ಮದು ಎನ್ನುತ್ತಾರೆ. ಅಲ್ಲಿ ಕೆಟ್ಟು ನಿಂತ ಲಾರಿ, ಎಳನೀರಿನ ಗಾಡಿ, ಡಿವೈಡರಿನ ತೆರವು ದೂರವೆಂದು ರಾಂಗ್ ಸೈಡಿನಲ್ಲಿ ಎದುರು ಬರುವ ಬೈಕು, ಗೋಣಿಚೀಲ ಹಾಸಿ ಒಣಗಿಸಿದ ಭತ್ತ, ಇವೆಲ್ಲದರ ನಂತರ ಉಳಿದದ್ದು ನಮ್ಮದು. ಮೀನಿನ ಲಾರಿ ಮುಂದೆ ಹೋಗಿದ್ದರೆ ಅದು ಸುರಿಸಿದ ನೀರು ಡಾಂಬರಿನ ಮೇಲೆ ಎಣ್ಣೆಯಂತೆ ಜಾರುತ್ತದೆ. ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನಿಗೆ ಸೈಕಲ್ ತಾನಾಗಿಯೇ ಚರಂಡಿಗೆ ಇಳಿಯುತ್ತದೆ, ಹ್ಯಾಂಡಲ್ ತಿರುಗಿಸುವ ಶ್ರಮವೂ ಇಲ್ಲ.

ಒಂದೆರಡು ಸಂಗತಿಗಳನ್ನು ಮಾತ್ರ ತಮಾಷೆ ಮಾಡಲು ನನ್ನಿಂದ ಆಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಇದೇ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತರು. ಮೂರು ವಾರ ಕಳೆದು ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಹೆದ್ದಾರಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ಏನಾಗುತ್ತದೆಂದು ಕರಾವಳಿಯ ಯಾವ ಕೃಷಿಕನನ್ನು ಕೇಳಿದ್ದರೂ ಹೇಳುತ್ತಿದ್ದ.

ಇರಲಿ, ನಿಜವಾದ ದಾರಿಗೆ ಬರೋಣ. ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ಇಳಿಯಬೇಕು. ಕಾಪುವಿನಲ್ಲಿ 1901ರ ದೀಪಸ್ತಂಭ ನೋಡಿಕೊಂಡು ಬಡಗು ದಿಕ್ಕಿಗೆ ಹೊರಟರೆ ಮಟ್ಟು. ಗುಳ್ಳ ಎಂಬ ಬದನೆಯ ಊರು, ಆ ಬದನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ರಸ್ತೆಗೆ ಯಾವ ಮಾನ್ಯತೆಯೂ ಇಲ್ಲ, ಹಾಗಾಗಿ ಸುಖವಾಗಿದೆ. ಮುಂದೆ ಪಡುಕೆರೆ: ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ಸಾಲು ಮನೆ, ತೆಂಗು, ಒಣಹಾಕಿದ ಬಲೆ, ಒಂದು ಕಾರು ಹೋಗುವಷ್ಟು ರಸ್ತೆ. ಮರವಂತೆಯಲ್ಲಿ ಸೌಪರ್ಣಿಕಾ ಮತ್ತು ಸಮುದ್ರದ ನಡುವೆ ಹೆದ್ದಾರಿ ಹೋಗುವುದನ್ನು ಜಗತ್ತೇ ಫೋಟೊ ತೆಗೆದಿದೆ. ಅದೇ ನೋಟ ಪಡುಕೆರೆಯಲ್ಲಿ ಲಾರಿಗಳಿಲ್ಲದೆ ಸಿಗುತ್ತದೆ, ಅದೂ ಕಿಲೋಮೀಟರುಗಟ್ಟಲೆ. ಮಲ್ಪೆ ದಾಟಿ, ಹೂಡೆಯ ಮೂಲಕ ಕೋಡಿ ಬೆಂಗ್ರೆಗೆ ಹೋದರೆ ಸ್ವರ್ಣಾ, ಸೀತಾ ನದಿಗಳು ಒಟ್ಟಾಗಿ ಕಡಲು ಸೇರುವ ತುದಿ. ರಸ್ತೆ ಅಲ್ಲಿಗೆ ಮುಗಿಯುತ್ತದೆ.

ಈ ಮುಗಿಯುವಿಕೆಯನ್ನು ದಯವಿಟ್ಟು ಗಮನಿಸಿ. ಕಾರಿನವನು ತಿರುಗಿ, ಸಂತೆಕಟ್ಟೆ, ಬ್ರಹ್ಮಾವರ ಎಂದು ಸುತ್ತು ಹಾಕುವುದೋ, ನದಿ ದಾಟಿಸುವ ಬಾರ್ಜಿನಲ್ಲಿ ಜಾಗ ಸಿಗುವುದೋ ಎಂದು ತಲೆ ಕೆರೆದುಕೊಳ್ಳುತ್ತಾನೆ. ಸೈಕಲ್ಲಿನವನು ಬಾರ್ಜಿಗೆ ನೂಕಿಕೊಂಡು ಹತ್ತುತ್ತಾನೆ. ಬೈಕುಗಳ ನಡುವೆ, ಮೀನಿನ ಬುಟ್ಟಿಯ ಪಕ್ಕ ಸೈಕಲ್ಲಿಗೆ ಯಾವಾಗಲೂ ಜಾಗವಿರುತ್ತದೆ. ಆಚೆ ದಡ ಹಂಗಾರಕಟ್ಟೆ. ಅಲ್ಲಿಂದ ಮೂಡಣಕ್ಕೆ ತಿರುಗಿದರೆ ಆಳುಪರ ರಾಜಧಾನಿಯಾಗಿದ್ದ ಬಾರ್ಕೂರು, ಮಂದಾರ್ತಿ, ಹೆಬ್ರಿ. ಬಡಗಿಗೆ ತಿರುಗಿದರೆ ಕೋಡಿ ಕನ್ಯಾನ, ಶಿವರಾಮ ಕಾರಂತರು ಹುಟ್ಟಿದ ಕೋಟದ ಪಡುಕೆರೆ, ಬೀಜಾಡಿ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರೇ ಇದೆ. ರಸ್ತೆಯಲ್ಲಿ ಹೋಗುವುದಾದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಸುತ್ತಬೇಕು. ಇನ್ನೂ ಬಡಗಿಗೆ, ಕುಮಟಾದ ಅಘನಾಶಿನಿ ಊರಿನಿಂದ ತದಡಿಗೆ ನದಿ ದಾಟಿದರೆ ಗೋಕರ್ಣ. ಅಣೆಕಟ್ಟಿಲ್ಲದ ಆ ನದಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಜೌಗುಭೂಮಿಯ ಪಟ್ಟ ಸಿಕ್ಕಿದೆ. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಅದರ ಗಜನಿ ಗದ್ದೆಗಳ ಬೆಳೆ.

ಕರಾವಳಿ ಎಂದರೆ ಚಪ್ಪಟೆ ಎಂದು ತಮಗೆ ಯಾರಾದರೂ ಹೇಳಿದ್ದರೆ ಅವರು ಕಾರಿನವರು. ಕಡಲ ಬದಿ ಬಿಟ್ಟು ಎರಡು ಮೈಲಿ ಒಳಗೆ ಬಂದರೆ ಸಾಕು, ಪದವು ಎಂಬ ದಿಬ್ಬ ಹತ್ತುವುದು, ಬೈಲಿನ ಗದ್ದೆಗೆ ಇಳಿಯುವುದು, ಮತ್ತೆ ಪದವು. ಏರಿನ ತುದಿಯಲ್ಲಿ ಒಂದು ಗೂಡಂಗಡಿ ಇದ್ದೇ ಇರುತ್ತದೆ. ಅಲ್ಲಿ ಬನ್ಸು, ಚಹಾ, ಪುನರ್ಪುಳಿ ಶರಬತ್ತಿನ ಜೊತೆ ವಿಚಾರಣೆಯೂ ನಡೆಯುತ್ತದೆ.

‘ಎಲ್ಲಿಂದ ಬಂದದ್ದು?’

‘ಮಂಗಳೂರಿಂದ.’

‘ಸೈಕಲಲ್ಲಿಯಾ! ಎಂತಕ್ಕೆ ಮಾರಾಯ್ರೆ, ಬಸ್ಸು ಉಂಟಲ್ಲ?’

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ತಮ್ಮ ಉದ್ಘಾಟನಾ ಭಾಷಣದಲ್ಲಿ ಇದ್ದರೆ ಒಳ್ಳೆಯದಿತ್ತು. ಗೇರ್ ಸೈಕಲ್ಲಿನ ಸಪೂರ ವಾಲ್ವಿಗೆ ಪಂಕ್ಚರ್ ಅಂಗಡಿಯ ಗಾಳಿಪೈಪು ಕೂರುವುದಿಲ್ಲ ಎಂದು ಗೊತ್ತಾದಾಗ ಆ ಅಂಗಡಿಯವರು ಪಡುವ ವ್ಯಥೆಯನ್ನೂ ತಾವು ನೋಡಬೇಕು. ಮಗಳ ಮದುವೆ ತಪ್ಪಿದವರ ಹಾಗೆ ಕೂತುಬಿಡುತ್ತಾರೆ.

ಇನ್ನು ತಾವು ಮಾಡಲಿರುವ ಅಭಿವೃದ್ಧಿಯ ಬಗ್ಗೆ. ಮೊದಲು ಸ್ವಾಗತ ಕಮಾನು. ಆಮೇಲೆ ಪಡುಕೆರೆಯ ರಸ್ತೆಗೆ ಇಂಟರ್‌ಲಾಕ್, ಅದರ ಮೇಲೆ ಎರಡು ಚಕ್ರ ಉರುಳಿದರೆ ದವಡೆಯ ಹಲ್ಲುಗಳ ಲೆಕ್ಕ ಸಿಗುತ್ತದೆ. ಆಮೇಲೆ ‘ಐ ಲವ್’ ಎಂದು ಬರೆದ ಕೆಂಪು ಹೃದಯ. ಕಾರು ನಿಲ್ಲಿಸಲು ಜಾಗ ಬೇಕೆಂದು ತೆಂಗಿನ ಮರಗಳಿಗೆ ನಂಬರ್ ಬೀಳುತ್ತದೆ. ಸೈಕಲ್ ನೋಡಲು ಬರುವ ಕಾರುಗಳಿಂದ ರಸ್ತೆ ಕಟ್ಟಿಹೋದಾಗ ಅಗಲೀಕರಣ, ಅಗಲೀಕರಣಕ್ಕೆ ಮೀನುಗಾರರ ಅಂಗಳ. ಅಷ್ಟರಲ್ಲಿ ಕಡಲು ತನ್ನ ಪಾಲು ಕೇಳುತ್ತದೆ. ಕಡಲ್ಕೊರೆತದ ಕಾಮಗಾರಿಯನ್ನು ತಮಗೆ ವಿವರಿಸುವ ಅಗತ್ಯವಿಲ್ಲ: ಮಳೆಗಾಲಕ್ಕೆ ಮುಂಚೆ ಕಲ್ಲು, ಮಳೆಗಾಲದಲ್ಲೂ ಕಲ್ಲು, ಮಳೆಗಾಲ ಮುಗಿದ ಮೇಲೆ ಬಿಲ್ಲು. ಕಲ್ಲು ತಂದ ಲಾರಿಗಳು ಒಡೆದ ರಸ್ತೆಗೆ ಮತ್ತೊಂದು ಟೆಂಡರು.

ಉದ್ಘಾಟನೆ ಮಂಗಳೂರಿನಲ್ಲೇ ಆಗುತ್ತದೆಂದು ಬಲ್ಲೆ, ವಿಮಾನ ಇಳಿಯುವುದು ಅಲ್ಲೇ ತಾನೆ. ಆದರೆ ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಇಲ್ಲಿ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಕಾರವಾರದಿಂದ ತೆಂಕಣಕ್ಕೆ ಹೊರಟವನಿಗೆ ಗಾಳಿ ಬೆನ್ನು ತಟ್ಟುತ್ತದೆ, ಮಂಗಳೂರಿನಿಂದ ಬಡಗಿಗೆ ಹೊರಟವನ ಎದೆಗೆ ಗುದ್ದುತ್ತದೆ. ತಾವು ಸಾಗುವುದು ಐವತ್ತು ಅಡಿಯಾದ್ದರಿಂದ ಚಿಂತೆಯಿಲ್ಲ.

2020ರಲ್ಲಿ ಪಡುಬಿದ್ರಿ ಮತ್ತು ಕಾಸರಕೋಡಿನ ಕಡಲತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಬಂತು. ಸಂತೋಷ. ಆ ಬಾವುಟ ಕೊಡುವ ಸಂಸ್ಥೆ ಇರುವುದು ಕೋಪನ್‌ಹೇಗನ್ನಿನಲ್ಲಿ. ಆ ಊರಿನ ಜನ ಕೆಲಸಕ್ಕೂ ಸಮುದ್ರಕ್ಕೂ ಸೈಕಲ್ಲಿನಲ್ಲಿ ಹೋಗುತ್ತಾರೆ. ನಾವು ಅವರಿಂದ ಬಾವುಟ ಪಡೆದು ಪಾರ್ಕಿಂಗ್ ಕಟ್ಟಿದೆವು.

ರೈಲಿನದು ಇನ್ನೊಂದು ಚೋದ್ಯ. ಸುರತ್ಕಲ್ಲಿನಿಂದ ಮಹಾರಾಷ್ಟ್ರದ ಕೋಲಾಡಿಗೆ ಕೊಂಕಣ ರೈಲ್ವೆ ಲಾರಿಗಳನ್ನೇ ಹೊತ್ತೊಯ್ಯುತ್ತದೆ, ಡ್ರೈವರ್ ಸಮೇತ. ಒಳ್ಳೆಯ ಕೆಲಸ, ಡೀಸೆಲ್ ಉಳಿಯುತ್ತದೆ, ಹೆದ್ದಾರಿಯ ಭಾರ ಇಳಿಯುತ್ತದೆ. ಸೈಕಲ್ ಒಯ್ಯಬೇಕೆಂದರೆ ಮಾತ್ರ ಬುಕ್ ಮಾಡಿ, ರಸೀದಿ ಅಂಟಿಸಿ, ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಬ್ರೇಕ್ ವ್ಯಾನ್ ತುದಿಯವರೆಗೆ ಓಡಬೇಕು. ಅಂತೂ ಹತ್ತು ಚಕ್ರದ ಲಾರಿ ರೈಲಿನಲ್ಲಿ ಮಲಗಿ ಹೋಗುತ್ತದೆ, ಎರಡು ಚಕ್ರದ ಸೈಕಲ್ ಹೆದ್ದಾರಿಯಲ್ಲಿ ಮಿಕ್ಕ ಲಾರಿಗಳ ನಡುವೆ ಪ್ರಾಣ ಹಿಡಿದುಕೊಂಡು ಸಾಗುತ್ತದೆ.

ಹಾಗಾದರೆ ಏನು ಮಾಡಬೇಕೆಂದು ಕೇಳುತ್ತೀರಿ. 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ ಹ್ಯೂಗೊ ಬೋಲೆನ್ ಎಂಬ ಗಣಿ ಎಂಜಿನಿಯರ್ ಯೋಚಿಸಿದ ಸೈಕಲ್ ದಾರಿಯ ವ್ಯವಸ್ಥೆಯೊಂದು ಬಳಕೆಗೆ ಬಂತು. ಹಳ್ಳಿದಾರಿಗಳು ಒಂದನ್ನೊಂದು ಕೂಡುವ ಕಡೆಗೆಲ್ಲ ಒಂದೊಂದು ನಂಬರ್, ಅಲ್ಲಿಂದ ಮುಂದಿನ ನಂಬರಿಗೆ ಬಾಣದ ಗುರುತು, ಅಷ್ಟೇ. ಸವಾರ ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೊರಡುತ್ತಾನೆ. ಇದನ್ನು ತಿಳಿಸಿದೆನೆಂದು ತಾವು ಇಪ್ಪತ್ತು ಮಂದಿ ಶಾಸಕರೊಂದಿಗೆ ಬೆಲ್ಜಿಯಂಗೆ ಅಧ್ಯಯನ ಪ್ರವಾಸ ಹೊರಡಬೇಕಾಗಿಲ್ಲ. ಒಬ್ಬ ಪೇಂಟರ್, ಒಂದು ಡಬ್ಬ ಬಣ್ಣ, ದಾರಿ ಬಲ್ಲ ಒಬ್ಬ ಪೋಸ್ಟ್‌ಮನ್ ಇದ್ದರೆ ಕಾಪುವಿನಿಂದ ಕುಂದಾಪುರದವರೆಗೆ ಕೆಲಸ ಮುಗಿಯುತ್ತದೆ.

ಆದ್ದರಿಂದ ಕೇಳುವುದು ಇಷ್ಟು. ಕೂಡುದಾರಿಗಳಿಗೆ ನಂಬರ್ ಹಾಕಿಸಿ. ಬೇರೆ ದಾರಿಯೇ ಇಲ್ಲದ ಮರವಂತೆಯಂಥ ಕಡೆ ಬಿಳಿಗೆರೆಯಾಚೆ ನಿಂತ ವಾಹನಗಳನ್ನು ಎಬ್ಬಿಸಿ. ರೈಲಿನಲ್ಲಿ ಸೈಕಲ್ ತೂಗುಹಾಕಲು ನಾಲ್ಕು ಕೊಕ್ಕೆ ಬೇಕೆಂದು ದಿಲ್ಲಿಗೆ ಒಂದು ಪತ್ರ ಬರೆಯಿರಿ. ಮುಂದೆ ಎಲ್ಲಿ ಸೇತುವೆ ಕಟ್ಟಿದರೂ ಅದರ ಮೇಲೆ ಸೈಕಲ್ಲಿಗೆ ಒಂದು ಗಜ ಬಿಡಿ, ಕಟ್ಟುವವರೆಗೆ ಬಾರ್ಜ್ ನಿಲ್ಲಿಸಬೇಡಿ. ಕಮಾನಿಗೆ ಇಟ್ಟ ಹಣ ಬಾರ್ಜಿನ ರಿಪೇರಿಗೆ ಹೋಗಲಿ. ಫಲಕದಲ್ಲಿ ತಮ್ಮ ಹೆಸರನ್ನು ಎಷ್ಟು ದೊಡ್ಡದಾಗಿ ಬೇಕಾದರೂ ಬರೆಸಿಕೊಳ್ಳಿ, ನಮ್ಮದೇನೂ ಅಡ್ಡಿಯಿಲ್ಲ. ದಾರಿಯ ನಂಬರ್ ಕಾಣುವಷ್ಟು ಜಾಗ ಬಿಟ್ಟರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಬಿಳಿಗೆರೆಯ ಆಚೆಯವನು